ಚಿತ್ತಯ್ಯನ ಮದ್ದಿಗೆ ಕೂತವರು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಿಳಿಕಲ್ಲುಪಾಳ್ಯ ಅನ್ನುವ ಒಂದೂರಿನಲ್ಲಿ ಚಿತ್ತಯ್ಯ ಅಂತ ಒಬ್ಬ ನಾಟಿ ವೈದ್ಯನಿದ್ದ. ಊರು ದೊಡ್ಡದೇನಲ್ಲ. ಬೆನ್ನಿಗೊಂದು ಬೋಳು ಗುಡ್ಡ, ಎದುರಿಗೊಂದು ಕೆರೆ, ನಡುವೆ ಎರಡು ಕೇರಿ. ಮೂಡಲ ಕೇರಿಯವರಿಗೂ ಪಡುವಲ ಕೇರಿಯವರಿಗೂ ಯಾವುದರಲ್ಲೂ ಹೊಂದಾಣಿಕೆ ಇರಲಿಲ್ಲ, ಚಿತ್ತಯ್ಯನ ವಿಷಯ ಒಂದನ್ನು ಬಿಟ್ಟು.

ಚಿತ್ತಯ್ಯ ಮನೆಯ ಮೆಟ್ಟಿಲು ಹತ್ತುವವರ ಕಾಲಿನ ಸಪ್ಪಳದಲ್ಲೇ ರೋಗ ಹೇಳುತ್ತಿದ್ದನಂತೆ. ಒಂದು ಸಲ ಗಾಡಿಯೊಂದು ಊರ ಬಾಗಿಲು ದಾಟುವ ಮೊದಲೇ, ಗಾಡಿಯೊಳಗಿರುವವನಿಗೆ ಕಾಮಾಲೆ, ಗಾಡಿ ಹೊಡೆಯುವವನಿಗೆ ಹಲ್ಲುನೋವು ಅಂದುಬಿಟ್ಟನಂತೆ. ನೋಡಿದರೆ ಎರಡೂ ನಿಜವಂತೆ. ಪಡುವಲ ಕೇರಿಯವರು ಇದನ್ನು ಹೇಳುವಾಗ ಬಲಗಡೆ ಎತ್ತಿಗೆ ಕಾಲು ಉಳುಕಿದ್ದನ್ನೂ ಸೇರಿಸುತ್ತಾರೆ. ಸೇರಿಸಲಿ ಬಿಡಿ, ಎತ್ತಿಗೇನು ನಷ್ಟ? ಆಳು ಎಷ್ಟು ಎತ್ತರವಿದ್ದನೆಂದರೆ ಬಾಗಿಲಲ್ಲಿ ಬಗ್ಗದೆ ಒಳಗೆ ಬಂದವನೇ ಅಲ್ಲವಂತೆ. ಅವನು ಹೋಗಿ ಇಷ್ಟು ಕಾಲವಾದರೂ ಹೇಳುವವರ ಬಾಯಲ್ಲಿ ಅವನ ಎತ್ತರ ಇನ್ನೂ ಬೆಳೆಯುತ್ತಲೇ ಇದೆ.

ಇಂಥ ಚಿತ್ತಯ್ಯನಿಗೆ ಒಂದು ಕೊರತೆ ಇತ್ತು. ಜಗಳವೆಂದರೆ ಆಗದು. ಇಬ್ಬರು ದನಿಯೆತ್ತಿದರೆ ಸಾಕು, ಅವನು ಹಿತ್ತಲ ಬಾಗಿಲಿನಿಂದ ಹೊರಗೆ ಜಾರುತ್ತಿದ್ದನಂತೆ. ಎಲ್ಲರ ಕೈಲೂ ಒಳ್ಳೆಯವನು ಅನ್ನಿಸಿಕೊಂಡು ಇದ್ದುಬಿಡಬೇಕು, ಅಷ್ಟೇ ಅವನ ಆಸೆ. ಎಷ್ಟು ಸಣ್ಣ ಆಸೆ ನೋಡಿ! ಆದರೆ ಈ ಸಣ್ಣ ಆಸೆಯಿಂದಲೇ ಒಂದು ಜೀವ ಹೋಗುವುದರಲ್ಲಿತ್ತು. ಆ ಕತೆಯೇ ಇದು.

ಅದಕ್ಕೆ ಮೊದಲು ಆ ಸೀಮೆಯ ಒಂದು ಪದ್ಧತಿ ತಿಳಿಯಬೇಕು. ಅಲ್ಲಿ ಹೆಸರಿಲ್ಲದ ಮದ್ದನ್ನು ಯಾರೂ ಕುಡಿಯುತ್ತಿರಲಿಲ್ಲ. ಲೋಟ ಕೈಗೆ ಕೊಡುವವರು "ಇದು ಇಂಥವರ ಮದ್ದು" ಅಂತ ಕೂಗಿ ಹೇಳಬೇಕು, ಕುಡಿಯುವವರು ಆ ಹೆಸರನ್ನು ಇನ್ನೊಮ್ಮೆ ಹೇಳಿ ಕುಡಿಯಬೇಕು. ಮದ್ದು ಊರಿಂದೂರಿಗೆ ಹೋದ ಹಾಗೆ ಹೆಸರೂ ಹೋಗುತ್ತಿತ್ತು. ಮಾಡಿದವರು ಮಣ್ಣಾದ ಮೇಲೂ, ಎಲ್ಲೋ ಕಾಣದ ಊರಿನಲ್ಲಿ ಕಾಯಿಲೆಯ ಮಗುವೊಂದು ಅವರ ಹೆಸರು ಹೇಳಿ ಗುಟುಕರಿಸುತ್ತಿತ್ತು. ಅಂಥ ಭಾಗ್ಯ ಯಾರಿಗೆ ಬೇಡ?

ಪದ್ಧತಿಗೆ ಇನ್ನೊಂದು ಮಗ್ಗುಲೂ ಇತ್ತು. ಮದ್ದು ತಿರುಗಿಬಿದ್ದರೆ ಆ ಹೆಸರಿನವರನ್ನು ಕರೆತರಬೇಕು. ಅವರು ಬಂದು ರೋಗಿಯ ತಲೆದೆಸೆಯಲ್ಲಿ ಕೂರಬೇಕು. ಅತ್ತಲೋ ಇತ್ತಲೋ ಆಗುವವರೆಗೆ ಏಳುವಂತಿಲ್ಲ, ಒಂದು ತುತ್ತು ತಿನ್ನುವಂತಿಲ್ಲ. ಇದಕ್ಕೆ ಮದ್ದಿಗೆ ಕೂರುವುದು ಅನ್ನುತ್ತಿದ್ದರು. ಹಾಗೆ ಒಬ್ಬರು ಕೂತ ಮೇಲೆ, ಆ ಮದ್ದಿನಲ್ಲಿ ಹೆಸರಿಲ್ಲದ ಇನ್ನೊಂದು ಕೈ ರೋಗಿಯ ಬಾಯಿಗೆ ಒಂದು ಹನಿ ಹಾಕುವ ಹಾಗಿಲ್ಲ. ಒಂದೇ ಹೊಟ್ಟೆಯಲ್ಲಿ ಇಬ್ಬರು ವೈದ್ಯರು ಜಗಳವಾಡಬಾರದು ಅಂತ ಹಿರಿಯರು ಮಾಡಿದ್ದು.

ಚಿತ್ತಯ್ಯನ ಕಾಲಕ್ಕೆ ಈ ಎರಡನೆಯ ಮಗ್ಗುಲನ್ನು ಜನ ಹೆಚ್ಚುಕಡಿಮೆ ಮರೆತಿದ್ದರಂತೆ. ಹೆಸರು ಮಾತ್ರ ಎಲ್ಲರಿಗೂ ಬೇಕು. ಪಾಳೇಗಾರರ ಕೆಮ್ಮಿನ ಉಂಡೆ ಅಂತ ಒಂದಿತ್ತು. ಪಾಳೇಗಾರರು ಜನ್ಮದಲ್ಲಿ ಒಂದು ಮೆಣಸು ಕುಟ್ಟಿದವರಲ್ಲ. ಉಂಡೆ ತಿಂದು ಕೆಮ್ಮು ಜಾಸ್ತಿಯಾದರೆ, ಬನ್ನಿ ಬುದ್ಧೀ, ಬಂದು ಕೂತ್ಕಳಿ ಅಂತ ಅವರ ಬಾಗಿಲಿಗೆ ಹೋಗುವ ಗಂಡಸು ಯಾರು?

ಹೀಗಿರುವಾಗ ಒಂದು ವರ್ಷ ಚಳಿಜ್ವರ ಬಂತು. ಮನೆಮನೆಯಲ್ಲೂ ಕಂಬಳಿ ಹೊದ್ದು ನಡುಗುವವರೇ. ಚಿತ್ತಯ್ಯನ ಹಳೆಯ ಮದ್ದುಗಳು ಯಾವುವೂ ನಾಟಲಿಲ್ಲ. ಆಗ ಕುರಿ ಕಾಯುವ ಮೂಡ್ಲಯ್ಯ ಗುಡ್ಡದ ಆಚೆಯಿಂದ ಒಂದು ಮರದ ಚಕ್ಕೆ ತಂದು ಅವನ ಮುಂದೆ ಹಾಕಿದ. ನಡುಗುವ ಕುರಿಗಳು ಈ ಮರವನ್ನು ಹುಡುಕಿಕೊಂಡು ಹೋಗಿ ತೊಗಟೆ ಕೆರೆದು ತಿನ್ನುತ್ತವೆ, ತಿಂದ ಮೇಲೆ ನಡುಕ ಬಿಟ್ಟು ಮೇಯುತ್ತವೆ ಅಂದ. ಯಾವ ಮರ ಅಂತೀರಾ? ಆ ಸೀಮೆಯಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ಮರದ ಹೆಸರು ಹೇಳುತ್ತಾರೆ, ಎಲ್ಲರೂ ಆಣೆ ಇಟ್ಟೇ ಹೇಳುತ್ತಾರೆ.

ಚಕ್ಕೆ ಬಂತು, ಸರಿ. ಅದನ್ನು ಮದ್ದು ಮಾಡುವುದು ಹೇಗೆ? ಹಸಿಯಾಗಿ ಅಗಿದರೆ ವಾಂತಿ. ನೆನೆಹಾಕಿದರೆ ಬರೀ ಕಹಿ. ಚಿತ್ತಯ್ಯ ಕುಂಬಾರರ ಬೋರಕ್ಕನ ಹತ್ತಿರ ಹೋದ. ಬೋರಕ್ಕ ಊರಿನ ಸೂಲಗಿತ್ತಿಯೂ ಹೌದು, ಮಡಕೆ ಸುಡುವ ಕೈಯೂ ಹೌದು. ಉರಿಯ ಗುಣ ಅವಳಷ್ಟು ಬಲ್ಲವರಿಲ್ಲ, ಬಾಯಿ ಅವಳಷ್ಟು ದೊಡ್ಡದಿರುವವರೂ ಇಲ್ಲ. ಬೋರಕ್ಕ ಕೆರೆಯ ಈ ದಡದಲ್ಲಿ ಮಗನನ್ನು ಬೈದರೆ ಆ ದಡದ ಕೊಕ್ಕರೆಗಳು ಏಳುತ್ತಿದ್ದವು ಅಂತಾರೆ.

ಅವಳು ಹೊಸ ಮಡಕೆಯಲ್ಲಿ ಬೇಯಿಸಿದಳು, ಹಳೆಯದರಲ್ಲಿ ಬೇಯಿಸಿದಳು. ಮಡಕೆಯ ಬಾಯಿ ಕಟ್ಟಿ ಬೇಯಿಸಿದಳು, ಬಿಟ್ಟು ಬೇಯಿಸಿದಳು. ಪ್ರತಿಯೊಂದನ್ನೂ ಮೊದಲು ತಾನೇ ಕುಡಿದಳು. ಒಂದು ದಿನ ಜಾಸ್ತಿ ಕುಡಿದಾಗ ಅವಳ ಕಿವಿಯೊಳಗೆ ಜೀರುಂಡೆ ಕೂಗಲು ಶುರುವಾಯಿತು. ಕೈ ಅದುರಿತು, ಎದೆ ಒಂದೊಂದು ಬಡಿತ ತಪ್ಪಿತು. ಹೆದರಿಕೊಳ್ಳುವುದು ಬಿಟ್ಟು ಅವಳು ಇದರಿಂದ ಹೊರಗೆ ಬರುವ ದಾರಿ ಹುಡುಕಿದಳು. ಏನು ಕುಡಿದರೆ ಇಳಿಯುತ್ತದೆ, ಹೇಗೆ ಮಲಗಿದರೆ ಎದೆ ನೆಟ್ಟಗಾಗುತ್ತದೆ, ಎಲ್ಲ ತನ್ನ ಮೈಯಲ್ಲೇ ಕಂಡುಕೊಂಡಳು. ಕಿವಿಯಲ್ಲಿ ಜೀರುಂಡೆ ಕೂಗಿದರೆ ಮದ್ದು ನಿಲ್ಲಿಸಬೇಕು ಅನ್ನುವ ಕಟ್ಟು ಹುಟ್ಟಿದ್ದು ಹಾಗೆ.

ಚಿತ್ತಯ್ಯ ಸುಮ್ಮನೆ ಕೂತಿರಲಿಲ್ಲ. ಯಾವ ಜ್ವರಕ್ಕೆ ಇದು ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಅನ್ನುವುದನ್ನು ನಾಡಿ ಹಿಡಿದು ಬೇರೆ ಮಾಡಿದವನು ಅವನು. ಚಕ್ಕೆ ಎಲ್ಲರಿಗೂ ಸಾಲದೆ ಹೋದಾಗ ಮೂಡಲ ಕೇರಿಗೆ ಹೊಸ ಕಷಾಯ, ಪಡುವಲ ಕೇರಿಗೆ ಹಳೆಯ ಮದ್ದು ಕೊಟ್ಟು, ಎರಡೂ ಕೇರಿಯನ್ನು ದಿನಾ ಸುತ್ತಿ ನೋಡಿದ. ಮೂಡಲ ಕೇರಿ ಎದ್ದು ಓಡಾಡಿತು. ಪಡುವಲ ಕೇರಿ ನಡುಗುತ್ತಲೇ ಇತ್ತು. ನಡುಗುತ್ತಲೇ ಬೈಯಿತು. ಆ ಬೈಗುಳ ಇವತ್ತಿಗೂ ಪೂರ್ತಿ ತೀರಿಲ್ಲ ಅಂತಾರೆ. ಆದರೆ ಮದ್ದು ನಿಜವಾದದ್ದು ಅಂತ ಚಿತ್ತಯ್ಯನಿಗೆ ಗೊತ್ತಾದದ್ದು ಹಾಗೆಯೇ. ಮೂಡ್ಲಯ್ಯ ಗುಡ್ಡದಿಂದ ಇನ್ನಷ್ಟು ಚಕ್ಕೆ ತಂದ ಮೇಲೆ ಪಡುವಲ ಕೇರಿಯೂ ಎದ್ದಿತು.

ಇನ್ನು ಹೆಸರಿಡುವ ದಿನ ಬಂತು. ಕೆರೆಯ ಏರಿಯ ಮೇಲೆ ಹಂಡೆಯಲ್ಲಿ ಕಷಾಯ ಇಟ್ಟು, ಸುತ್ತಲಿನ ಹಳ್ಳಿಯವರೆಲ್ಲ ಪಾತ್ರೆ ಹಿಡಿದು ನಿಂತಿದ್ದರು. ಕೂಗಬೇಕಾದವನು ಚಿತ್ತಯ್ಯ. ಊರಗೌಡ ಸಿದ್ದವೀರೇಗೌಡರು ಕಲ್ಲಿನ ಮೇಲೆ ಕೂತು ಮೀಸೆ ತಿರುವುತ್ತಿದ್ದರು.

"ಸೌದೆ ನಂದು. ಹಂಡೆ ನಂದು. ಕಾಯ್ಸಿದ ಕೊಟ್ಟಿಗೆ ನಂದು. ನಂದಲ್ದಿರೋದು ಏನೈತಯ್ಯಾ ಅದ್ರಾಗೆ, ನೀರಾ?"

"ನೀರು ಕೆರೇದು ಗೌಡ್ರೇ" ಅಂತ ಯಾರೋ ಹಿಂದಿನಿಂದ ಅಂದರು.

"ಕೆರೆ ಕಟ್ಸಿದ್ದು ನಮ್ಮ ತಾತ ಕಣ್ರಲಾ!"

ಜನ ನಕ್ಕರು. ಬೋರಕ್ಕ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಗೌಡ್ರ ಸೌದೆ ಉರೀತು, ಇಲ್ಲ ಅನ್ನಲ್ಲ. ನನ್ನ ಕಿವಿ ಕೂಗ್ತಲ್ಲ, ಅದು ಯಾರ ಪಾಲಿಗೆ? ಚಿತ್ತಣ್ಣ, ನನ್ನ ಹೆಸ್ರು ಹೇಳ್ತೀನಿ ಅಂದಿದ್ದೆ. ಹೇಳು ಮತ್ತೆ."

ಚಿತ್ತಯ್ಯ ಹಂಡೆಯ ಹಿಂದಕ್ಕೆ ಸರಿದ. ಹೇಳುತ್ತೇನೆ ಅಂತ ಅವನು ಅಂದಿರಲಿಲ್ಲ, ನೋಡೋಣ ಅಂದಿದ್ದ. ಆ ಕಡೆ ಗೌಡರ ಮೀಸೆ, ಈ ಕಡೆ ಬೋರಕ್ಕನ ಸೊಂಟ. ಯಾರ ಹೆಸರು ಕೂಗಿದರೂ ಇನ್ನೊಬ್ಬರು ಮುನಿಯುವುದು ಖಂಡಿತ. ತನ್ನ ಹೆಸರು ಕೂಗಿಕೊಂಡರೆ ಇಬ್ಬರೂ ಮುನಿಯುತ್ತಾರೆ. ಆಗ ಅವನಿಗೆ ಮಿಂಚಿನ ಹಾಗೆ ಹೊಳೆಯಿತಂತೆ. ಹಾಲುಗುಂಡಿ ಅನ್ನುವ ಊರಿನಲ್ಲಿ ಅವನ ಗುರುಗಳಿದ್ದರು, ಪರ್ವತಯ್ಯ ಅಂತ. ತಬ್ಬಲಿಯಾಗಿದ್ದ ಅವನಿಗೆ ಅನ್ನ ಹಾಕಿ ನಾಡಿ ಹಿಡಿಯಲು ಕಲಿಸಿದವರು. ಈಗ ಕಣ್ಣು ಕಾಣದೆ ಮನೆಯೊಳಗೆ ಮೂಲೆ ಹಿಡಿದಿದ್ದರು. ಗುರುಗಳ ಹೆಸರಿಗೆ ಯಾರು ಬೇಡ ಅಂತಾರೆ?

"ಇದು ಹಾಲುಗುಂಡಿ ಗುರು ಪರ್ವತಯ್ಯನವರ ಮದ್ದು" ಅಂತ ಕೂಗಿಬಿಟ್ಟ.

ಏರಿಯ ಮೇಲಿದ್ದವರೆಲ್ಲ ಕೈ ಮುಗಿದರು. ಗೌಡರೂ ಎದ್ದು ಮುಗಿದರು. ಎಂಥ ಗುರುಭಕ್ತಿ, ಎಂಥ ವಿನಯ ಅಂತ ಹೆಂಗಸರು ಕಣ್ಣು ಒರೆಸಿಕೊಂಡರಂತೆ. ಚಿತ್ತಯ್ಯನಿಗೂ ತನ್ನ ವಿನಯ ಕಂಡು ಎದೆ ತುಂಬಿಬಂತು.

ಜನ ಕರಗಿದ ಮೇಲೆ ಬೋರಕ್ಕ ಅವನ ಹತ್ತಿರ ಬಂದಳು.

"ಒಳ್ಳೇ ಉಪಾಯ ಮಾಡ್ದೆ ಚಿತ್ತಣ್ಣ. ಕೆಲ್ಸ ಮಾಡ್ದೋರಿಗೂ ಇಲ್ಲ, ಸೌದೆ ಕೊಟ್ಟೋರಿಗೂ ಇಲ್ಲ, ಏನೂ ಗೊತ್ತಿಲ್ದೆ ಮನೇಲಿ ಕೂತಿರೋರಿಗೆ ಎಲ್ಲ."

"ಗುರುಗಳು ಕಲಿಸಿದ ಕೈ ಅಲ್ವೇನಕ್ಕ ಇದು?"

"ಕೈ ಕಲಿಸಿದ್ರು. ಚಕ್ಕೆ ಕಲಿಸಿದ್ರಾ? ನಿಂಗೆ ನಡೆಯೋದು ಕಲಿಸಿದ್ದು ನಿಮ್ಮವ್ವ. ಅಂಗಂತ ಹೋದ ಊರಿಗೆಲ್ಲ ನಿಮ್ಮವ್ವ ಬಂದ್ಲು ಅಂತ ಕೂಗ್ತೀಯಾ?"

ಚಿತ್ತಯ್ಯ ಬಗ್ಗಿ ಹಂಡೆ ತೊಳೆಯತೊಡಗಿದ. ಬೋರಕ್ಕ ಅವತ್ತಿಂದ ಅವನ ಮನೆಯ ಕಡೆ ಕಾಲಿಡಲಿಲ್ಲ.

ಮದ್ದು ಊರಿಂದೂರಿಗೆ ಹೋಯಿತು. ಪರ್ವತಯ್ಯನವರ ಮದ್ದು, ಪರ್ವತಯ್ಯನವರ ಮದ್ದು ಅಂತ ಜನ ಕುಡಿದರು, ಎದ್ದರು. ಆದರೆ ಒಂದು ನೋಡಿ. ಹೆಸರು ಯಾರದೋ, ಅನುಮಾನ ಬಂದವರು ಅವರ ಮನೆಗೇ ಹೋಗುತ್ತಾರೆ. ಎಷ್ಟು ದಿನ ಕೊಡಬೇಕು, ಬಸುರಿಯರಿಗೆ ಕೊಡಬಹುದೇ, ಬಾಯಿ ಒಣಗಿದರೆ ಏನು, ಇಂಥದ್ದನ್ನೆಲ್ಲ ಕೇಳಲು ಜನ ಹಾಲುಗುಂಡಿಗೆ ನಡೆದರು. ಅಲ್ಲಿ ಪರ್ವತಯ್ಯನವರ ಸೊಸೆ, ನಮಗೇನೂ ಗೊತ್ತಿಲ್ಲಪ್ಪ, ಮಾವನೋರಿಗೆ ಕಣ್ಣೂ ಕಾಣಲ್ಲ, ಒಳಗೆ ಮಲಗವ್ರೆ ಅಂತ ಬಾಗಿಲಿನಿಂದಲೇ ಕಳಿಸಿದಳು. ಕಳಿಸಿಕೊಂಡವರು ತಮಗೆ ತೋಚಿದ್ದು ಮಾಡಿದರು. ಜೀರುಂಡೆಯ ಕಟ್ಟು ಬೋರಕ್ಕನ ಬಾಯಲ್ಲಿತ್ತು, ಬೋರಕ್ಕನ ಹೆಸರು ಯಾರ ಬಾಯಲ್ಲೂ ಇರಲಿಲ್ಲ.

ದೂರದಲ್ಲಿ ತೊರೆಸಾಲು ಅಂತ ನೇಕಾರರ ಊರು. ಅಲ್ಲಿ ನಾಗಿಶೆಟ್ಟಿ ಅನ್ನುವವರ ಮನೆಯಲ್ಲಿ ಸಾಕವ್ವ ಅಂತ ಎಳೆಯ ಸೊಸೆ. ಅವಳಿಗೆ ಚಳಿಜ್ವರ ಬಂತು, ಕಷಾಯ ಕೊಟ್ಟರು, ಬಿಟ್ಟಿತು. ಬಿಟ್ಟದ್ದು ಮತ್ತೆ ಬಂದೀತು ಅನ್ನುವ ಹೆದರಿಕೆಗೆ ಎರಡು ಹೊತ್ತೂ ಕೊಡುತ್ತಲೇ ಹೋದರು. ಕಿವಿಯಲ್ಲಿ ಏನೋ ಕೂಗ್ತಾ ಐತೆ ಅತ್ತೆ ಅಂದಳು ಸಾಕವ್ವ. ಒಳ್ಳೇದೇ ಆಯ್ತು, ಜ್ವರ ಕಿವಿಯಿಂದ ಹೊರಗೆ ಹೋಗ್ತಾ ಐತೆ, ಇನ್ನೊಂದು ಲೋಟ ಕುಡಿ ಅಂದರು ಅತ್ತೆ. ಪ್ರೀತಿಯಿಂದಲೇ ಅಂದರು. ಇನ್ನೊಂದು ಕುಡಿದಳು, ಮತ್ತೊಂದು ಕುಡಿದಳು. ಆಮೇಲೆ ಪಕ್ಕದ ಮಗ್ಗದ ಸದ್ದೂ ಅವಳಿಗೆ ಕೇಳದಾಯಿತು. ಕೈಕಾಲು ಅದುರಿತು. ಕುಡಿದ ನೀರು ನಿಲ್ಲಲಿಲ್ಲ. ಎದೆ ಒಮ್ಮೆ ಓಡುವುದು, ಒಮ್ಮೆ ನಿಲ್ಲುವುದು.

ಆಗ ತೊರೆಸಾಲಿನ ಹಿರಿಯರಿಗೆ ಪದ್ಧತಿಯ ಎರಡನೆಯ ಮಗ್ಗುಲು ನೆನಪಾಯಿತು. ಹಾಲುಗುಂಡಿಗೆ ಗಾಡಿ ಹೋಯಿತು. ನಿಮ್ಮ ಹೆಸರಿನ ಮದ್ದು ತಿರುಗಿಬಿದ್ದಿದೆ ಅಂದಾಗ ಆ ಮುದುಕರು ತಮ್ಮದೇ ಯಾವುದೋ ಹಳೆಯ ಮದ್ದಿರಬೇಕು ಅಂದುಕೊಂಡು ಗಾಡಿ ಹತ್ತಿದರಂತೆ. ಬಂದು ಸಾಕವ್ವನ ನಾಡಿ ಹಿಡಿದರು. ಮುಖ ಸಣ್ಣದಾಯಿತು. ಕಷಾಯದ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು, ಇದಕ್ಕೆ ಏನು ಹಾಕಿದ್ದೀರಿ ಅಂತ ಕೇಳಿದರು.

ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಮಾಡಿದವರೇ ಕೇಳಿದರೆ?

ಇದು ನನ್ನ ಮದ್ದಲ್ಲ, ಇದರ ವಾಸನೆಯನ್ನೇ ನಾನು ಕಂಡಿಲ್ಲ ಅಂದರು ಪರ್ವತಯ್ಯ.

ನಾಗಿಶೆಟ್ಟಿಗೆ ರೇಗಿತು. "ಗುಣ ಆದಾಗ ನಿಮ್ದು, ಕೆಟ್ಟಾಗ ನಿಮ್ದಲ್ಲ. ಬಲು ಚೆನ್ನಾಗೈತೆ ಬುದ್ಧೀ ನಿಮ್ಮ ನ್ಯಾಯ!"

ಮುದುಕರು ಬೇಕಾಗಿದ್ದರೆ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಕೂಗಿದ್ದು ನನ್ನ ಹೆಸರು ತಾನೇ, ಕೂರುತ್ತೇನೆ ಅಂತ ತಲೆದೆಸೆಯಲ್ಲಿ ಕೂತರು. ಆದರೆ ಕೂತು ಮಾಡುವುದೇನು? ಏನು ಹೊಟ್ಟೆಗೆ ಹೋಗಿದೆಯೋ ಗೊತ್ತಿಲ್ಲದೆ ಏನು ಕೊಡುವುದು? ಊಟವಿಲ್ಲದೆ, ನೀರಿನಲ್ಲಿ ತುಟಿ ಒದ್ದೆ ಮಾಡಿಕೊಂಡು, ಆ ಹುಡುಗಿಯ ಕೈ ಹಿಡಿದು ಕೂತರು. ಈ ಮದ್ದು ಬಂದದ್ದು ಶಿಷ್ಯನ ಊರಿನಿಂದ ಅಂತ ಕೇಳಿ ತಿಳಿದು, ಗಾಡಿಯವನನ್ನು ಬಿಳಿಕಲ್ಲುಪಾಳ್ಯಕ್ಕೆ ಓಡಿಸಿದರು.

ಜಗಲಿಯ ಮೇಲೆ ಕೂತಿದ್ದ ಚಿತ್ತಯ್ಯನಿಗೆ ಗಾಡಿಯವನು ಬಂದು ಎಲ್ಲ ಹೇಳಿದ. ಎರಡು ಜೀವ ಕಣ್ಣ ಮುಂದೆ ಬಂದವು, ಕಂಡರಿಯದ ಒಬ್ಬ ಹೆಣ್ಣುಮಗಳು, ಅನ್ನ ಹಾಕಿದ ಒಬ್ಬ ಮುದುಕ. ಎದ್ದವನೇ ಕುಂಬಾರರ ಮನೆಗೆ ಓಡಿದ. ಬೋರಕ್ಕ ತಿರುಗುವ ತಿಗರಿಯ ಮುಂದೆ ಕೂತು ಹಸಿ ಮಣ್ಣಿನಿಂದ ಮಡಕೆ ಎತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ಅಕ್ಕಾ, ತೊರೆಸಾಲಲ್ಲಿ ಮದ್ದು ತಿರುಗಿಬಿದ್ದದೆ."

"ಯಾರ ಮದ್ದು?"

"ಅಕ್ಕಾ..."

"ಗುರುಗಳ ಮದ್ದು ತಾನೇ? ಗುರುಗಳ್ನೇ ಕರ್ಸಿ."

"ಕರೆಸವ್ರೆ. ಗುರುಗಳು ಉಪವಾಸ ಕೂತವ್ರೆ."

"ಸರಿಯಾಗೇ ಐತಲ್ಲ ಮತ್ತೆ. ಹೆಸ್ರೂ ಅವರ್ದು, ಉಪವಾಸಾನೂ ಅವರ್ದು. ನಮ್ಗ್ಯಾಕೆ ಸುದ್ದಿ?"

ತಿಗರಿ ತಿರುಗುತ್ತಲೇ ಇತ್ತು. ಚಿತ್ತಯ್ಯ ಕೈ ಜೋಡಿಸಿದ. ಕೊನೆಗೆ, ಆ ಹುಡುಗಿಗೆ ಕಿವಿ ಕೂಗಿತ್ತಂತೆ, ಕೂಗಿದ ಮೇಲೂ ಕೊಟ್ಟಿದ್ದಾರಂತೆ ಅಂದ.

ಬೋರಕ್ಕನ ಕೈ ನಿಂತಿತು. ಅರ್ಧ ಎದ್ದಿದ್ದ ಮಡಕೆ ಅವಳ ಬೆರಳ ನಡುವೆಯೇ ಮಗುಚಿ ಬಿತ್ತು.

"ಅಯ್ಯೋ ಪಾಪಿಗಳಾ! ಕೂಗಿದ ಮೇಲೂ?"

ಎದ್ದು ಕೈ ತೊಳೆದುಕೊಂಡಳು. ಮಗಳನ್ನು ಕರೆದು, ಮಣ್ಣಿಗೆ ಒದ್ದೆ ಗೋಣಿ ಮುಚ್ಚು, ಒಣಗೀತು ಅಂದಳು. ಒಳಗಿಂದ ಒಂದು ಗಂಟು ತಂದವಳು ಚಿತ್ತಯ್ಯನನ್ನು ದಾಟಿಕೊಂಡು ಗಾಡಿಯಲ್ಲಿ ಹೋಗಿ ಕೂತಳು. "ಬಾರೋ ಮತ್ತೆ, ನಿಂತ್ಕಂಡು ಏನ್ ನೋಡ್ತೀಯ?" ಆ ಎತ್ತುಗಳು ಅವತ್ತು ನೆಲ ಮುಟ್ಟದೆ ಓಡಿದವು ಅಂತಾರೆ. ಬೋರಕ್ಕ ಮಾತಾಡದೆ ಕೂತಿದ್ದನ್ನು ಕಂಡೇ ಹೆದರಿ ಓಡಿದವು ಅಂತಲೂ ಅಂತಾರೆ.

ತೊರೆಸಾಲಿನಲ್ಲಿ ಬಿಸಿಲು ಏರುವ ಹೊತ್ತು. ನಾಗಿಶೆಟ್ಟಿಯ ಬಾಗಿಲಲ್ಲಿ ಊರೇ ಸೇರಿತ್ತು. ಬೋರಕ್ಕ ಹೊಸಿಲಿಗೆ ಕಾಲಿಡಬೇಕು, ನಾಗಿಶೆಟ್ಟಿ ಕೈ ಅಡ್ಡ ಇಟ್ಟರು.

"ನೀನ್ಯಾರವ್ವ? ಈ ಮದ್ದಿನಲ್ಲಿ ನಿನ್ನ ಹೆಸರಿಲ್ಲ. ಹೆಸರಿನೋರು ಕೂತವ್ರೆ. ಬೇರೆ ಕೈ ಮುಟ್ಟಂಗಿಲ್ಲ."

ಪದ್ಧತಿ ಪದ್ಧತಿಯೇ. ಬೋರಕ್ಕ ಪಕ್ಕಕ್ಕೆ ನಿಂತು ಚಿತ್ತಯ್ಯನ ಮುಖ ನೋಡಿದಳು, ಅಷ್ಟೇ.

ಬಾಗಿಲಿನಿಂದ ಒಳಗೆ ಕಾಣುತ್ತಿತ್ತು. ಚಾಪೆಯ ಮೇಲೆ ಹುಡುಗಿ. ತಲೆದೆಸೆಯಲ್ಲಿ ಗುರುಗಳು, ಗೋಡೆಗೆ ಒರಗಿ, ತುಟಿ ಒಡೆದು. ಈಗ ಬಾಯಿ ಬಿಟ್ಟರೆ, ಗುರುವಿನ ಹೆಸರಲ್ಲಿ ಸುಳ್ಳು ಕೂಗಿದ ಶಿಷ್ಯ ಅಂತ ಸೀಮೆಗೆಲ್ಲ ಗೊತ್ತಾಗುತ್ತದೆ. ಎಲ್ಲರೂ ಹೊಗಳಿದ ಆ ಗುರುಭಕ್ತಿ ಬರೀ ಅಳುಕು ಅಂತ ಗೊತ್ತಾಗುತ್ತದೆ. ಗೊತ್ತಾಗುವುದು ಗುರುಗಳ ಎದುರಿಗೇ. ಚಿತ್ತಯ್ಯ ಮೊದಲ ಸಲ ಬಾಗಿಲಲ್ಲಿ ಬಗ್ಗುವುದನ್ನು ಮರೆತ, ತಲೆ ದಾರಂದಕ್ಕೆ ಬಡಿಯಿತಂತೆ. ಅಲ್ಲೇ ನಿಂತು, ಹೊರಗಿನವರಿಗೂ ಒಳಗಿನವರಿಗೂ ಕೇಳುವ ಹಾಗೆ ಹೇಳಿದ.

"ಇದು ಗುರುಗಳ ಮದ್ದಲ್ಲ. ಅವರು ಇದನ್ನ ಕಂಡಿಲ್ಲ, ಕೇಳಿಲ್ಲ. ಜಗಳಕ್ಕೆ ಹೆದರಿ ಅವರ ಹೆಸರು ಕೂಗಿದ್ದು ನಾನು. ಇದು ಬೋರಕ್ಕನ ಮದ್ದು. ಅವಳ ಜೊತೆಗೆ ನಂದು. ಚಕ್ಕೆ ಕಂಡಿದ್ದು ಕುರಿ ಮೂಡ್ಲಯ್ಯ."

ನಾಗಿಶೆಟ್ಟಿ ಅಂದರು, "ಓಹೋ. ಮದ್ದು ಕೆಟ್ಟ ಮೇಲೆ ಹೆಂಗಸಿನ ತಲೆಗೆ ಕಟ್ತಾ ಇದೀಯಾ?"

ಕೇಳಿದವರೆಲ್ಲ ಹೌದು ಹೌದು ಅಂತ ಗುಜುಗುಜು ಅಂದರು. ಅವರು ಅಂದದ್ದರಲ್ಲಿ ತಪ್ಪೇನಿದೆ? ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಚಿತ್ತಯ್ಯನ ಮುಖ ಕಪ್ಪಿಟ್ಟಿತು. ನಿಜ ಹೇಳಿದರೂ ಅದು ಸುಳ್ಳಿನ ಬಟ್ಟೆ ಉಟ್ಟುಕೊಂಡೇ ಹೊರಗೆ ಬಂತಲ್ಲ ಅನ್ನಿಸಿತು ಅವನಿಗೆ. ಹೊತ್ತಿಗೆ ಸರಿಯಾಗಿ ಹೇಳದ ನಿಜಕ್ಕೆ ಆಗುವುದೇ ಅಷ್ಟು.

ಬೋರಕ್ಕನೇ ಬಾಯಿ ಬಿಟ್ಟಳು.

"ಕಟ್ಲಿ ಬಿಡಿ ಶೆಟ್ರೇ. ಅವತ್ತಿಂದ ನಾನೇ ಕೇಳ್ತಿದ್ದೆ, ಇವತ್ತು ಕೊಟ್ಟವ್ನೆ. ಬಂದ ಮೇಲೆ ಬ್ಯಾಡ ಅಂತೀನಾ? ದಾರಿ ಬಿಡಿ."

"ಹುಡುಗಿಗೆ ಏನಾದ್ರೂ ಆದ್ರೆ?"

"ಅದೂ ನಂದೇ."

ನಾಗಿಶೆಟ್ಟಿ ಅವಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಕೈ ತೆಗೆದರು.

ಬೋರಕ್ಕ ಒಳಗೆ ಹೋಗಿ ಮೊದಲು ಮಾಡಿದ ಕೆಲಸ ಕಷಾಯದ ಪಾತ್ರೆಯನ್ನು ಹಿತ್ತಲಿಗೆ ಎಸೆದದ್ದು. ಕಿಟಕಿ ತೆರೆಸಿದಳು. ಸಾಕವ್ವನನ್ನು ಎಡ ಮಗ್ಗುಲಿಗೆ ಮಲಗಿಸಿ ಬೆನ್ನಿಗೆ ದಿಂಬು ಕೊಟ್ಟಳು. ಗಂಟು ಬಿಚ್ಚಿ, ತನ್ನ ಮೈ ನಡುಗಿದಾಗ ತಾನು ಕುಡಿದದ್ದನ್ನೇ ಕಲಸಿ, ತಿಳಿ ಗಂಜಿಯ ಜೊತೆ ಹತ್ತಿಯ ಬತ್ತಿಯಲ್ಲಿ ತೊಟ್ಟುತೊಟ್ಟಾಗಿ ಹಿಂಡಿದಳು. ಚಿತ್ತಯ್ಯ ನಾಡಿ ಹಿಡಿದ. ಈಗ ಓಡುತ್ತಿದೆ ಅನ್ನುವನು, ಅವಳು ನಿಲ್ಲಿಸುವಳು. ಈಗ ಸರಿಯಾಯಿತು ಅನ್ನುವನು, ಅವಳು ಇನ್ನೊಂದು ತೊಟ್ಟು ಬಿಡುವಳು. ಏರಿಯ ಮೇಲೆ ಮುರಿದದ್ದು ಆ ಚಾಪೆಯ ಪಕ್ಕದಲ್ಲಿ ಮತ್ತೆ ಕೂಡಿಕೊಂಡಿತು ಅಂತಾರೆ. ಬೋರಕ್ಕ ಮಾತ್ರ ನಡುನಡುವೆ ಅವನನ್ನು ಬೈಯುವುದು ಬಿಡಲಿಲ್ಲ.

ಪರ್ವತಯ್ಯನವರು ಗೋಡೆಗೆ ಒರಗಿಕೊಂಡೇ ಕೇಳಿದರು, "ಹಂಗಾದ್ರೆ ನನ್ನ ಬಿಟ್ಟಂಗಾಯ್ತೇನ್ರಪ್ಪಾ?"

ಆಯಿತು ಬುದ್ಧೀ ಅಂದರು ನಾಗಿಶೆಟ್ಟಿ, ನಾಚಿಕೆಯಿಂದ.

"ಹಂಗಾದ್ರೆ ನಂಗೂ ಒಂದು ಬಟ್ಲು ಗಂಜಿ ಕೊಡಿ. ಆಗ್ಲಿಂದ ಈ ಯಮ್ಮ ಗಂಜಿ ಗಂಜಿ ಅಂತಾ ಐತೆ, ತಡೆಯಕ್ಕಾಗ್ತಿಲ್ಲ."

ಅಳುತ್ತಿದ್ದ ಮನೆ ನಕ್ಕಿತು. ಚಿತ್ತಯ್ಯ ಗುರುಗಳ ಕಾಲಿಗೆ ಬಿದ್ದ. ಅವರು ಅವನ ತಲೆ ತಡವಿದರು, ಬಾಗಿಲು ಬಡಿದ ಕಡೆ ಊದಿದ್ದು ಬೆರಳಿಗೆ ಸಿಕ್ಕಿತು. ನನ್ನ ಹೆಸರನ್ನು ನನ್ನ ಮದ್ದಿಗೆ ಇಟ್ಟುಕೋ ಮಗ, ನಿನ್ನದಕ್ಕೆ ನೀನೇ ಕೂತುಕೋ ಅಂದರಂತೆ. ನೀನು ಕೊಟ್ಟ ಹೂವಿನ ಹಾರ ಬಲು ಭಾರವಾಗಿತ್ತು ಅಂತಲೂ ಅಂದರಂತೆ.

ಸಾಕವ್ವ ಉಳಿದಳು. ಎದೆ ನೆಟ್ಟಗಾಯಿತು, ನಡುಕ ನಿಂತಿತು. ಒಂದು ಬೆಳಗ್ಗೆ ಎದ್ದು, ಮಗ್ಗ ಯಾಕೆ ಇಷ್ಟು ಮೆತ್ತಗೆ ಬಡೀತಾ ಐತೆ ಅಂದಳು. ಮಗ್ಗ ಯಾವಾಗಿನ ಹಾಗೇ ಬಡಿಯುತ್ತಿತ್ತು. ಅವಳ ಬಲಗಿವಿಯಷ್ಟೇ ತೆರೆದಿತ್ತು. ಎಡಗಿವಿ ಹೋದದ್ದು ಹೋಯಿತು, ಏನು ಮಾಡಿದರೂ ಬರಲಿಲ್ಲ. ಮನೆಯವರು ಜೀವ ಉಳಿಯಿತಲ್ಲ ಅಂತ ಬೋರಕ್ಕನ ಕಾಲು ಮುಟ್ಟಲು ಬಂದರೆ ಅವಳು ಕಾಲು ಎಳೆದುಕೊಂಡಳು. "ಜೀವ ಉಳೀತು. ಒಂದು ಕಿವಿ ನಮ್ಮ ಮದ್ದು ತಿಂತು. ಎರಡೂ ಹೇಳ್ಬೇಕು" ಅಂದಳು.

ಊರಿಗೆ ಬಂದ ಮೇಲೆ ಕೆರೆಯ ಏರಿಯ ಮೇಲೆ ಇನ್ನೊಮ್ಮೆ ಜನ ಸೇರಿದರು. ಗೌಡರನ್ನು ಚಿತ್ತಯ್ಯ ತಾನೇ ಮನೆಗೆ ಹೋಗಿ ಕೇಳಿದನಂತೆ, ನಿಮ್ಮ ಹೆಸರೂ ಸೇರಿಸಲೇ ಅಂತ. ಅಷ್ಟು ಹೊತ್ತಿಗೆ ತೊರೆಸಾಲಿನ ಉಪವಾಸದ ಸುದ್ದಿ ಗೌಡರಿಗೆ ಮುಟ್ಟಿತ್ತು. "ಸೌದೆ ಅಂದ್ರೆ ಸೌದೆ ಕಣಯ್ಯ. ಸೌದೇಗ್ಯಾಕೆ ಹೆಸ್ರು? ಕೊಟ್ಟೆ ಅಂತ ಒಂದ್ಮಾತು ನೆನೆಸ್ಕಂಡ್ರೆ ಸಾಕು." ಮೂಡ್ಲಯ್ಯನನ್ನು ಕೇಳಿದರೆ, "ನಾನು ಎಲ್ಲೋ ಬಂದು ಕೂತ್ಕಂಡ್ರೆ ಕುರಿ ಯಾರು ಕಾಯ್ತಾರೆ, ನೀನಾ? ಚಕ್ಕೆ ನಂದು ಅಂತ ಅನ್ನು. ಕೂರೋದು ನೀವಿಬ್ರೂ ಕೂತ್ಕಳಿ" ಅಂದ. ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು. ಅಲ್ಲಿಂದ ಕೂಗು ಹೀಗಾಯಿತು: ಬೋರಕ್ಕನ ಮದ್ದು, ಚಿತ್ತಯ್ಯನ ಮದ್ದು, ಕೂರುವವರು ಇವರಿಬ್ಬರು. ಚಕ್ಕೆ ಕಂಡವನು ಮೂಡ್ಲಯ್ಯ. ಸೌದೆ ಕೊಟ್ಟವರು ಗೌಡರು. ಸಾಕವ್ವನ ಕಿವಿ ನೆನಪಿರಲಿ.

ಉದ್ದವಾಯಿತು ಅಂತ ಕೆಲವರು ಗೊಣಗಿದರು. ಅಷ್ಟು ಹೇಳುವ ಹೊತ್ತಿಗೆ ಕಷಾಯ ಆರಿಹೋಗುತ್ತೆ ಅಂದರು ಪಡುವಲ ಕೇರಿಯವರು. ಆರಿದರೆ ಕುಡಿಯಲು ಸಲೀಸು ಅಂದಳು ಬೋರಕ್ಕ.

ಆದರೆ ಹಳೆಯ ಕೂಗು ಆಗಲೇ ಸೀಮೆಯೆಲ್ಲ ಹರಡಿತ್ತಲ್ಲ. ಅದನ್ನು ತಿದ್ದಲು ಚಿತ್ತಯ್ಯ ಒಂದೊಂದೇ ಊರಿಗೆ ನಡೆದ. ಹೋದ ಕಡೆಯೆಲ್ಲ ಊರ ನಡುವೆ ನಿಂತು, ನಾನು ಸುಳ್ಳು ಕೂಗಿದ್ದೆ, ನಿಜ ಇದು ಅಂತ ಹೇಳಿದ. ಕೆಲವರು ಒಂದು ವರ್ಷ ನಡೆದ ಅಂತಾರೆ, ಕೆಲವರು ಕೂದಲು ಹಣ್ಣಾಗುವ ತನಕ ನಡೆದ ಅಂತಾರೆ. ಕೆಲವು ಊರುಗಳಲ್ಲಿ ನಕ್ಕರು. ಒಂದೂರಿನಲ್ಲಿ, ದೊಡ್ಡವರ ಹೆಸರಿತ್ತು ಚೆನ್ನಾಗಿತ್ತು, ಕುಂಬಾರರ ಹೆಂಗಸಿನ ಹೆಸರು ನಾವು ಹೇಳಲ್ಲ ಅಂತ ಬಾಗಿಲು ಹಾಕಿಕೊಂಡರು. ಆ ಊರಿನವರು ಈಗಲೂ ಪರ್ವತಯ್ಯನವರ ಮದ್ದು ಅಂತಲೇ ಅನ್ನುತ್ತಾರಂತೆ. ಎಲ್ಲ ಕಡೆ ಎಲ್ಲವೂ ಸರಿಹೋಯಿತು ಅಂದರೆ ನೀವೂ ನಂಬುವುದಿಲ್ಲ. ಆದರೆ ಜಗಳಕ್ಕೆ ಹೆದರುತ್ತಿದ್ದ ಆಳು, ಕಂಡಕಂಡ ಊರಿನಲ್ಲಿ ಬೈಸಿಕೊಂಡು, ಮುಂದಿನ ಊರಿಗೆ ನಡೆದನಲ್ಲ! ಸಪ್ಪಳದಲ್ಲಿ ರೋಗ ಹೇಳಿದ್ದಕ್ಕಿಂತ ಅವನ ದೊಡ್ಡ ಪವಾಡ ಇದೇ ಅಂತ ತಿಳಿದವರು ಹೇಳುತ್ತಾರೆ.

ಈಗ ಆ ಜ್ವರವೂ ಇಲ್ಲ, ಆ ಮರವೂ ಯಾರಿಗೂ ಗೊತ್ತಿಲ್ಲ. ಬಿಳಿಕಲ್ಲುಪಾಳ್ಯದಲ್ಲಿ ಮಾತ್ರೆ, ಸೂಜಿ ಎಲ್ಲ ಬಂದಿವೆ. ಆದರೂ ಅಲ್ಲಿನ ಮನೆಗಳಲ್ಲಿ ನೆಗಡಿಗೆ ಒಂದು ಲೋಟ ಶುಂಠಿ ಕಷಾಯ ಕೊಡುವುದಿದ್ದರೂ, ಕೊಡುವವರು ಮೊದಲು ಮಾಡಿದವರ ಹೆಸರು ಹೇಳುತ್ತಾರೆ. ಹೇಳಿ, ಲೋಟ ಕೈಗೆ ಕೊಡುವ ಮೊದಲು ಸ್ವಲ್ಪ ತಡೆದು, "ಇನ್ಯಾರಾದ್ರೂ ಇದ್ದೀರಾ?" ಅಂತ ಕೇಳುತ್ತಾರೆ. ಇದನ್ನು ಚಿತ್ತಯ್ಯನ ಹೊತ್ತು ಅನ್ನುತ್ತಾರೆ. ಸಾಮಾನ್ಯವಾಗಿ ಯಾರೂ ದನಿ ಮಾಡುವುದಿಲ್ಲ. ಎಂದಾದರೂ ಒಂದು ದಿನ ಅಡಿಗೆಮನೆಯಿಂದ, "ಶುಂಠಿ ಜಜ್ಜಿದ್ದು ನಾನು ಕಣ್ರೀ!" ಅಂತ ಒಂದು ಕೂಗು ಬರುತ್ತದೆ. ಎಲ್ಲರೂ ನಗುತ್ತಾರೆ, ಆ ಹೆಸರನ್ನೂ ಸೇರಿಸುತ್ತಾರೆ. ಸೇರಿಸಿ, "ಅಂಗಾರೆ ಬಾ, ಕೂತ್ಕೋ" ಅನ್ನುತ್ತಾರೆ. ಜಜ್ಜಿದವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಚಾಪೆಯ ಪಕ್ಕದಲ್ಲಿ ಕೂರುತ್ತಾಳೆ. ಅವಳು ಕೂತ ಮೇಲೆಯೇ ಕುಡಿಯುವವರು ಲೋಟಕ್ಕೆ ಬಾಯಿ ಇಡುತ್ತಾರೆ.